ಪದಚರ್ಚೆ: ನೆಫ್ರೋಸ್ಟಮಿ ಬ್ಯಾಗಿನ ಸೂಚನೆಗೆ ಯಾವ ಕ್ರಿಯಾಪದ? ಇಳಿ, ಕಟ್ಟು, ಬಿಡು, ಸೋರು

ಎಲ್ಲರಿಗೂ ನಮಸ್ಕಾರ,

ಒಂದು ಪುಟದ ಸೂಚನೆ ಹಾಳೆಯನ್ನ ಕನ್ನಡದಲ್ಲಿ ಬರೀತಾ ಇದೀನಿ, ಮಂಚದ ಪಕ್ಕ ಗೋಡೆಗೆ ಅಂಟಿಸೋಕೆ. ನಮ್ಮ ದೊಡ್ಡವ್ವನಿಗೆ ಬಲಗಡೆ ನೆಫ್ರೋಸ್ಟಮಿ ಮಾಡಿದಾರೆ, ಆಸ್ಪತ್ರೆಯವರ ಬಾಯಲ್ಲಿ ಅದು ಬರೀ ಪಿಸಿಎನ್. ಕಿಡ್ನಿಯಿಂದ ಮೂತ್ರಕೋಶಕ್ಕೆ ಹೋಗೋ ನಾಳ ಕಲ್ಲಿನಿಂದಲೋ ಗಡ್ಡೆ ಒತ್ತಿಯೋ ಮುಚ್ಚಿಹೋದ್ರೆ ಮೂತ್ರ ಮೇಲೇ ನಿಂತು ಕಿಡ್ನಿ ಊದ್ಕೊಳ್ಳತ್ತೆ, ಆಗ ಬೆನ್ನಿನ ಪಕ್ಕದಿಂದ ಸಣ್ಣ ಟ್ಯೂಬನ್ನ ಸೀದಾ ಕಿಡ್ನಿಗೇ ಹಾಕಿ ಹೊರಗೆ ಒಂದು ಬ್ಯಾಗಿಗೆ ಜೋಡಿಸ್ತಾರೆ. ಆಸ್ಪತ್ರೆಯಲ್ಲಿ ಕೊಟ್ಟ ಹಾಳೆ ಇಂಗ್ಲಿಷಲ್ಲಿದೆ. ದೊಡ್ಡವ್ವ ರಾಣೆಬೆನ್ನೂರು ಕಡೆಯವಳು, ನೋಡ್ಕೊಳ್ಳೋಕೆ ಬರೋ ಅಕ್ಕ ಚಾಮರಾಜನಗರ ಕಡೆಯವರು, ಇಬ್ಬರಿಗೂ ಕನ್ನಡ ಮಾತ್ರ ಓದೋಕೆ ಬರೋದು, ಆದ್ರೆ ಇಬ್ಬರ ಕನ್ನಡವೂ ಒಂದೇ ಅಲ್ಲ.

ನಾಮಪದ ನನಗೆ ಬೇಡ, ದಯವಿಟ್ಟು ಯಾರೂ ಹೊಸದಾಗಿ ಟಂಕಿಸಿ ಕಳಿಸಬೇಡಿ. ಗ್ರೀಕಿನಲ್ಲಿ ನೆಫ್ರೋಸ್ ಅಂದ್ರೆ ಕಿಡ್ನಿ, ಸ್ಟೋಮಾ ಅಂದ್ರೆ ಬಾಯಿ, ಹಾಗಂತ ಕಿಡ್ನಿಬಾಯಿ ಅಂತ ಮಾಡಬಹುದು, ಹೇಳೋರು ಯಾರು? ಚರ್ಮದ ಮೂಲಕ ಹೀಗೆ ಟ್ಯೂಬ್ ಹಾಕೋ ವಿಧಾನವನ್ನ ಅಮೆರಿಕದ ಗುಡ್‌ವಿನ್ ಮತ್ತು ಜೊತೆಗಾರರು ಪ್ರಕಟಿಸಿದ್ದೇ 1955ರಲ್ಲಿ, ಕಿಟೆಲ್ ನಿಘಂಟು 1894ರದ್ದು, ಅಲ್ಲಿ ಹುಡುಕಿ ಪ್ರಯೋಜನ ಇಲ್ಲ. ಪೈಪು, ಬ್ಯಾಗು, ಕಿಡ್ನಿ ಸಾಕು. ಮೂತ್ರಪಿಂಡ, ಮೂತ್ರಜನಕಾಂಗ, ಮೂತ್ರಕೋಶ ಮೂರೂ ಒಂದೇ ಹಾಳೆಯಲ್ಲಿ ಬಂದ್ರೆ ಓದೋರು ಯಾವುದು ಯಾವುದು ಅಂತ ತಲೆ ಕೆರ್ಕೊಳ್ತಾರೆ.

ತೊಂದರೆ ಇರೋದು ಕ್ರಿಯಾಪದದಲ್ಲಿ.

ಮೊದಲು "ಇಳಿ". ಎಡಗಡೆ ಕಿಡ್ನಿ ಸರಿಯಾಗಿದೆ, ಆದ್ದರಿಂದ ದೊಡ್ಡವ್ವ ಬಾತ್‌ರೂಮಿಗೂ ಹೋಗ್ತಾಳೆ, ಬ್ಯಾಗಿಗೂ ಬೇರೆ ಬರ್ತಾ ಇರತ್ತೆ. ಎರಡನ್ನೂ ಬೇರೆ ಬೇರೆ ಬರೆದಿಡಬೇಕು. "ಯೂರಿನ್ ಹೋಯ್ತಾ" ಅಂತ ಫೋನಲ್ಲಿ ಕೇಳಿದ್ರೆ ಯಾವುದರ ಲೆಕ್ಕ ಕೊಡಬೇಕು ಅಂತ ಅವರಿಗೆ ಗೊತ್ತಾಗಲ್ಲ. ಬಾತ್‌ರೂಮಿನದ್ದಕ್ಕೆ ದೊಡ್ಡವ್ವ ಏಕಿ ಅಂತಾಳೆ, ಅಕ್ಕ ಒಂದಕ್ಕೆ ಅಂತಾರೆ, ಅದು ಸರಿ. ಬ್ಯಾಗಿಗೆ ಬರೋದಕ್ಕೆ "ಇಳೀತು" ಅಂತ ಇಟ್ಟೆ, ಇಬ್ಬರಿಗೂ ಒಪ್ಪಿಗೆ ಆಯ್ತು. ಆದ್ರೆ ಜ್ವರ ಇಳೀತು, ರೇಟು ಇಳೀತು ಅಂತಾನೂ ಅಂತೀವಲ್ಲ, "ಯೂರಿನ್ ಇಳಿದಿದೆ" ಅಂದ್ರೆ ಬ್ಯಾಗಿಗೆ ಬಂತು ಅಂತಾನಾ ಕಮ್ಮಿ ಆಯ್ತು ಅಂತಾನಾ? ಬಂದ್ರೆ ಒಳ್ಳೇದು, ಇದ್ದಕ್ಕಿದ್ದಂಗೆ ಕಮ್ಮಿ ಆದ್ರೆ ಅಥವಾ ನಿಂತ್ರೆ ಡಾಕ್ಟರಿಗೆ ಫೋನ್ ಮಾಡಬೇಕಾದ ವಿಷಯ. ಸದ್ಯಕ್ಕೆ "ಬ್ಯಾಗಿಗೆ ಇಳೀತು" ಅಂತ ಬ್ಯಾಗು ಸೇರಿಸಿಯೇ ಬರೀತಾ ಇದೀನಿ, ಇನ್ನೊಂದಕ್ಕೆ "ಕಮ್ಮಿ ಬಂತು". ಇದಕ್ಕಿಂತ ಚೊಕ್ಕ ಇದ್ರೆ ಹೇಳಿ.

"ಕಟ್ಟು" ಇನ್ನೂ ಕಷ್ಟ. ಮೂಗು ಕಟ್ಟಿದೆ, ಚರಂಡಿ ಕಟ್ಟಿದೆ, ಮೂತ್ರ ಕಟ್ಟಿದೆ, ಇಲ್ಲೆಲ್ಲಾ ಅಡ್ಡ ಆಗಿದೆ ಅಂತ ಅರ್ಥ. ಆದ್ರೆ ಬ್ಯಾಗನ್ನ ಕಾಲಿಗೆ ಪಟ್ಟಿಯಿಂದ ಕಟ್ಟೋದೂ ಕಟ್ಟೋದೇ, ಟ್ಯೂಬು ಎಳೆಯದ ಹಾಗೆ ಮೈಗೆ ಪ್ಲಾಸ್ಟರ್ ಹಾಕಿ ಭದ್ರ ಮಾಡೋದಕ್ಕೂ ಅಕ್ಕ ಕಟ್ಟೋದು ಅಂತಾನೇ ಅಂತಾರೆ. "ಪೈಪ್ ಕಟ್ಟಿದೆ" ಅಂತ ಮೆಸೇಜ್ ಬಂದ್ರೆ ಆಸ್ಪತ್ರೆಗೆ ಓಡಬೇಕಾ ಅಥವಾ ಎಲ್ಲ ಸರಿ ಇದೆ ಅಂತ ಸುಮ್ನಿರಬೇಕಾ? ಅದಕ್ಕೆ ಪಟ್ಟಿಗೆ "ಬಿಗಿ", ಅಡ್ಡ ಆಗಿದ್ದಕ್ಕೆ "ಬ್ಲಾಕ್" ಅಂತ ಮಾಡಿದೀನಿ. ಬ್ಲಾಕ್ ಎಲ್ಲಾ ಕಡೆ ಗೊತ್ತಿರೋ ಮಾತು, ಇಂಗ್ಲಿಷು ಅಂತ ಬಿಡೋ ಹಟ ನನಗಿಲ್ಲ. ಟ್ಯೂಬು ಮಡಚಿ ಹರಿವು ನಿಲ್ಲೋದಕ್ಕೆ "ಮುರುಟಿದೆ" ಅಂದೆ, ದೊಡ್ಡವ್ವ "ತಿರುಚೇತಿ" ಅಂದ್ಳು. ಮುರುಟು ಅನ್ನೋದು ಎಲೆ, ಕಾಗದಕ್ಕೆ ಮಾತ್ರಾನಾ?

ಎಲ್ಲದಕ್ಕಿಂತ ಭಯ ಹುಟ್ಟಿಸೋದು "ಬಿಡು". ಪೈಪ್ ಬಿಟ್ಕೊಂಡಿದೆ ಅಂದ್ರೆ ಟ್ಯೂಬಿಗೂ ಬ್ಯಾಗಿಗೂ ಇರೋ ಜೋಡಣೆ ಕಳಚಿದೆ ಅಂತಾನೂ ಆಗತ್ತೆ, ಟ್ಯೂಬೇ ಮೈಯಿಂದ ಆಚೆ ಬಂದಿದೆ ಅಂತಾನೂ ಆಗತ್ತೆ. ಮೊದಲನೇದಾದ್ರೆ ಕೈ ತೊಳ್ಕೊಂಡು, ತುದಿಯನ್ನ ಸ್ಪಿರಿಟ್ ಹತ್ತಿಯಿಂದ ಒರೆಸಿ, ಹೊಸ ಬ್ಯಾಗು ಜೋಡಿಸಬಹುದು. ಎರಡನೇದಾದ್ರೆ ತೂತಿನ ಮೇಲೆ ಶುದ್ಧವಾದ ಗಾಜ್ ಬಟ್ಟೆ ಮುಚ್ಚಿ ತಕ್ಷಣ ಹೊರಡಬೇಕು, ಯಾಕಂದ್ರೆ ಆ ದಾರಿ ಕೆಲವೇ ಗಂಟೆಗಳಲ್ಲಿ ಮುಚ್ಚಿಕೊಳ್ಳೋಕೆ ಶುರುವಾಗತ್ತೆ, ವಾಪಸ್ ಒಳಗೆ ತಳ್ಳೋದಂತೂ ಕೂಡದು. ಹಾಳೆಯಲ್ಲಿ "ಬ್ಯಾಗಿನಿಂದ ಕಳಚಿದರೆ" ಮತ್ತು "ಮೈಯಿಂದ ಆಚೆ ಬಂದರೆ" ಅಂತ ಬರೆದಿದೀನಿ. ಕಿತ್ತು ಬಂದರೆ ಅನ್ನಬಹುದಿತ್ತು, ಆದ್ರೆ ಜೋರಾಗಿ ಎಳೆದಾಗ ಮಾತ್ರ ಕಿತ್ತು ಬರೋದಲ್ವಾ? ಇದು ಮಗ್ಗುಲು ಬದಲಿಸುವಾಗ ಮೆಲ್ಲಗೆ ಜಾರಿ ಬಂದಿರತ್ತೆ, ಗೊತ್ತೇ ಆಗಲ್ಲ.

ಸೋರು, ಜಿನುಗು, ಒಸರು. ಬ್ಯಾಗಿನ ನಲ್ಲಿಯಿಂದ ತೊಟ್ಟಿಕ್ಕೋದು ಸೋರೋದು, ಸರಿ. ಟ್ಯೂಬು ಮೈಗೆ ಹೊಕ್ಕ ಜಾಗದಲ್ಲಿ ಬಟ್ಟೆ ಒದ್ದೆ ಆಗೋದಕ್ಕೆ ಜಿನುಗು ಅಂತ ಇಟ್ಟರೆ ಅಕ್ಕನಿಗೆ ಆ ಪದವೇ ಗೊತ್ತಿಲ್ಲ, ಅವರಿಗೆ ಎಲ್ಲಾನೂ ಸೋರ್ತದೆ. ಹಳೇ ಮೈಸೂರು ಕಡೆ ಇದಕ್ಕೆ ಬೇರೆ ಮಾತಿದೆಯಾ?

ಖಾಲಿ ಮಾಡೋದಕ್ಕೆ "ಬಸಿ" ಅಂತ ನನಗೆ ಆಸೆ ಇತ್ತು, ಹೊಲದಲ್ಲಿ ಬಸಿಗಾಲುವೆ ಇದೆಯಲ್ಲ. ಆದ್ರೆ ಬಸಿಚೀಲ ಅಂದಿದ್ದಕ್ಕೆ ದೊಡ್ಡವ್ವ "ಯಾರು ಬಸಿರು?" ಅಂತ ಕೇಳಿ ಮನೆಯವರೆಲ್ಲ ನಕ್ಕು ಅದು ಅಲ್ಲಿಗೇ ಮುಗೀತು. "ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ತುಂಬಿದ ಕೂಡಲೇ ಖಾಲಿ ಮಾಡಿ, ಭಾರಕ್ಕೆ ಟ್ಯೂಬು ಎಳೆಯತ್ತೆ" ಅಂತ ಬರೆದೆ.

ಇನ್ನೊಂದು "ಕೆಳಗೆ". ಬ್ಯಾಗು ಯಾವಾಗಲೂ ಕಿಡ್ನಿಗಿಂತ ತಗ್ಗಿನಲ್ಲಿರಬೇಕು, ಇಲ್ದಿದ್ರೆ ಮೂತ್ರ ಸರಿಯಾಗಿ ಹರಿಯಲ್ಲ, ವಾಪಸ್ ಮೇಲಕ್ಕೂ ಹೋಗಬಹುದು. "ಸೊಂಟಕ್ಕಿಂತ ಕೆಳಗೆ" ಅಂತ ಬರೆದ್ರೆ ನಿಂತಿರುವಾಗ ಸರಿ, ಮಲಗಿದ್ದಾಗ ಸೊಂಟಕ್ಕಿಂತ ಕೆಳಗೆ ಅಂದ್ರೆ ಹಾಸಿಗೆ ಮೇಲೇ ತೊಡೆ ಹತ್ರ ಅಂತ ಆಗತ್ತೆ! "ಹಾಸಿಗೆಗಿಂತ ತಗ್ಗಲ್ಲಿ ತೂಗುಹಾಕಿ, ನೆಲ ಮುಟ್ಟಬಾರದು" ಅಂತ ಮಾಡಿದೆ. ಚಾಪೆ ಮೇಲೆ ಮಲಗೋ ಅಭ್ಯಾಸದವರಿಗೆ ಯಾವ ಪದ ಹಾಕಿದ್ರೂ ನಡೆಯಲ್ಲ, ಮಂಚವೇ ಬೇಕು.

ಚಳಿಜ್ವರ ಅಂತ ಬರೆದ್ರೆ ಮಲೇರಿಯಾ ಅಂದ್ಕೋತಾರೆ ಅಂತ "ನಡುಕ ಬಂದು ಜ್ವರ ಬಂದರೆ ತಕ್ಷಣ ಆಸ್ಪತ್ರೆಗೆ" ಅಂತ ದಪ್ಪ ಅಕ್ಷರದಲ್ಲಿ ಹಾಕಿದೀನಿ, ಅದರಲ್ಲಿ ಅನುಮಾನ ಇಲ್ಲ.

ಕೊನೇದಾಗಿ ಟ್ಯೂಬು ಹಾಕಿರೋ ಜಾಗ. ಪಕ್ಕೆ ಅಂದ್ರೆ ಪಕ್ಕೆಲುಬಿನ ಕಡೆ ಕೈ ಹೋಗತ್ತೆ, ಬೆನ್ನು ಅಂದ್ರೆ ನಡುಮಧ್ಯಕ್ಕೆ. ಅಳ್ಳೆ ಅನ್ನೋದು ಸರಿಹೋಗತ್ತೆ ಅನ್ಸತ್ತೆ, ದೊಡ್ಡವ್ವನಿಗೆ ಗೊತ್ತು ಆದ್ರೆ ಅದು ದನಕ್ಕೆ ಹೇಳೋ ಮಾತು ಅಂತಾಳೆ. ನಿಮ್ಮ ಕಡೆ ಮನುಷ್ಯರಿಗೂ ಅಳ್ಳೆ ಅಂತಾರಾ? ಊರಿನ ಹೆಸರು ಹಾಕಿ ಉತ್ತರಿಸಿ, ಮುಂದಿನ ಸಲ ಟ್ಯೂಬು ಬದಲಿಸೋಕೆ ಹೋಗೋದರೊಳಗೆ ಹಾಳೆ ಪ್ರಿಂಟ್ ಹಾಕಿಸಬೇಕು.