ಪ್ರಚಾರ ಇಲ್ಲದೇ ಚುನಾವಣೆ ಮಾಡಿದರೆ ಏನಾಗುತ್ತೆ ಸರ್?

ಪ್ರಶ್ನೆ (ಸಿಂಧನೂರಿನಿಂದ): ಸರ್, ನೀವು ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಕಲಿಸುತ್ತೀರಿ, ಚುನಾವಣೆ ಖರ್ಚು ನೋಡುವ ಡ್ಯೂಟಿಯನ್ನೂ ಮಾಡಿದ್ದೀರಿ, ಅದಕ್ಕೇ ಕೇಳುತ್ತಿದ್ದೇನೆ. ಈ ಪ್ರಚಾರ ಯಾಕೆ ಬೇಕು? ಆಟೋಗೆ ಮೈಕ್ ಕಟ್ಟಿ ಕಿವಿ ತೂತು ಮಾಡುತ್ತಾರೆ. ಜಾತಿ ನೋಡಿ, ಪಾರ್ಟಿ ನೋಡಿ ಜನ ಮೊದಲೇ ಫಿಕ್ಸ್ ಆಗಿರುತ್ತಾರೆ. ಅಭ್ಯರ್ಥಿಗಳ ಆಸ್ತಿ, ಓದು, ಕೇಸು ಎಲ್ಲಾ ಒಂದು ಹಾಳೆಯಲ್ಲಿ ಹಾಕಿ ಮನೆಗೆ ಕಳಿಸಿದರೆ ಸಾಕಲ್ವಾ?

ಉತ್ತರ: ಆ ಹಾಳೆ ಈಗಲೂ ಇದೆ ರೀ. ನಾಮಪತ್ರದ ಜೊತೆ ಕೊಡುವ ಅಫಿಡವಿಟ್ ಅದು, ಚುನಾವಣಾ ಆಯೋಗದ ವೆಬ್‌ಸೈಟ್‌ನಲ್ಲಿ ಯಾರು ಬೇಕಾದರೂ ನೋಡಬಹುದು. ಆದರೆ ಹಾಳೆಯನ್ನು ಪ್ರಶ್ನೆ ಕೇಳೋಕೆ ಆಗಲ್ಲ. ನಿಮ್ಮ ಕಡೆಯದ್ದೇ ತಗೊಳ್ಳಿ. ಲೋಕಸಭೆಗೆ ಸಿಂಧನೂರು ಕೊಪ್ಪಳ ಕ್ಷೇತ್ರಕ್ಕೆ ಸೇರುತ್ತೆ, ಗಂಗಾವತಿಯೂ ಅದರಲ್ಲೇ ಇದೆ. ತುಂಗಭದ್ರಾ ಎಡದಂಡೆ ಕಾಲುವೆಯಲ್ಲಿ ಗಂಗಾವತಿ ಮೇಲೆ, ನೀವು ಕೆಳಗೆ. ಮೇಲಿನವರು ಅಕ್ರಮವಾಗಿ ಪಂಪ್‌ಸೆಟ್ ಇಟ್ಟು ನೀರು ಎತ್ತುತ್ತಾರೆ ಅನ್ನೋದು ಕೆಳಭಾಗದ ರೈತರ ಹಳೇ ಗೋಳು. ಉಳಿದ ದಿನಗಳಲ್ಲಿ ನೀವು ಅರ್ಜಿ ಹಿಡಿದು ರಾಜಕಾರಣಿಗಳ ಹಿಂದೆ ತಿರುಗಬೇಕು. ಪ್ರಚಾರದಲ್ಲಿ ಮಾತ್ರ ಅವರೇ ನಿಮ್ಮ ಓಣಿಗೆ ಬರುತ್ತಾರೆ, ಅದೂ ಹತ್ತಾರು ಜನರ ಮುಂದೆ, ಮೊಬೈಲ್ ಕ್ಯಾಮೆರಾ ಆನ್ ಇರುವಾಗ. "ಆ ಪಂಪ್‌ಸೆಟ್ ತೆಗೆಸ್ತೀರಾ, ಇಲ್ವಾ?" ಅಂತ ಕೇಳಿ ನೋಡಿ. ಅವರಿಗೆ ಎರಡೂ ಕಡೆಯ ಓಟು ಬೇಕು. ಹೇಗೆ ತಡವರಿಸುತ್ತಾರೆ ಅನ್ನೋದರಲ್ಲೇ ಅರ್ಧ ಉತ್ತರ ಸಿಗುತ್ತೆ. ನನ್ನ ಪ್ರಕಾರ ಪ್ರಚಾರ ಇರೋದು ಅವರು ಮಾತಾಡಲಿ ಅಂತ ಅಲ್ಲ, ನಾವು ಅವರ ಬಾಯಿ ಬಿಡಿಸೋಣ ಅಂತ.

ಪ್ರಶ್ನೆ (ಬಳ್ಳಾರಿಯಿಂದ): ಹಾಗಾದರೆ ನಮ್ಮಲ್ಲಿ 1999ರ ಲೋಕಸಭಾ ಚುನಾವಣೆಯ ಕಥೆ ಏನು ಸರ್? ಬಿಜೆಪಿಯ ಸುಷ್ಮಾ ಸ್ವರಾಜ್ ಕನ್ನಡ ಕಲಿತು ಭಾಷಣ ಮಾಡಿದರು, ಆದರೂ ಸೋನಿಯಾ ಗಾಂಧಿ ಗೆದ್ದರು. ಪ್ರಚಾರದಿಂದ ಏನು ಬಂತು?

ಉತ್ತರ: ಗೆದ್ದರು, ಸುಮಾರು 56 ಸಾವಿರ ಓಟಿನಿಂದ. ಆಮೇಲೆ ಅಮೇಠಿ ಉಳಿಸಿಕೊಂಡು ಬಳ್ಳಾರಿ ಬಿಟ್ಟರು, ಅದು ಬೇರೆ ಮಾತು. ಆದರೆ ಅದು ಮೊದಲಿನಿಂದಲೂ ಕಾಂಗ್ರೆಸ್ ಕೈಯಲ್ಲೇ ಇದ್ದ ಸೀಟು. ಅಲ್ಲಿ ಎದುರಾಳಿ ಊರೂರು ತಿರುಗಿದ್ದಕ್ಕೆ ಕ್ಷೇತ್ರದಲ್ಲಿ ಇನ್ನೊಂದು ಪಕ್ಷವೂ ಇದೆ ಅಂತ ಜನ ಗಂಭೀರವಾಗಿ ನೋಡೋಕೆ ಶುರು ಮಾಡಿದರು. 2004ರಲ್ಲಿ ಸೀಟು ಬಿಜೆಪಿಗೆ ಹೋಯಿತು. ಪ್ರಚಾರ ಒಂದೇ ಕಾರಣ ಅಂತ ನಾನು ಹೇಳಲ್ಲ, ಆ ಹೊತ್ತಿಗೆ ಅದಿರಿನ ದುಡ್ಡೂ ಓಡಾಡುತ್ತಿತ್ತು.

ಪ್ರಶ್ನೆ (ಕೊಪ್ಪಳದಿಂದ): ನೀವು ಹೇಳೋದು ಚೆನ್ನಾಗಿದೆ ಸರ್, ಆದರೆ ದುಡ್ಡಿದ್ದವರದ್ದೇ ಪ್ರಚಾರ ಅಲ್ವಾ? ಖರ್ಚಿಗೆ ಮಿತಿ ಅನ್ನೋದು ಸುಮ್ನೆ ಹೆಸರಿಗೆ.

ಉತ್ತರ: ಪೂರ್ತಿ ಹೆಸರಿಗೆ ಅಲ್ಲ ಮೇಡಂ. ನಮ್ಮ ರಾಜ್ಯದಲ್ಲಿ ಲೋಕಸಭೆಯ ಅಭ್ಯರ್ಥಿಗೆ 95 ಲಕ್ಷ, ವಿಧಾನಸಭೆಗೆ 40 ಲಕ್ಷ ಮಿತಿ ಇದೆ. ಜಿಲ್ಲೆಯಲ್ಲಿ ಒಂದು ದರಪಟ್ಟಿ ಮಾಡಿರುತ್ತಾರೆ, ಕುರ್ಚಿಗೆ ಇಷ್ಟು, ಶಾಮಿಯಾನಕ್ಕೆ ಇಷ್ಟು, ಚಹಾಕ್ಕೆ ಇಷ್ಟು ಅಂತ. ಒಂದು ತಂಡ ಸಭೆಯ ವಿಡಿಯೋ ಮಾಡುತ್ತೆ. ಇನ್ನೊಂದು ತಂಡ ಕೂತು ವಿಡಿಯೋ ನಿಲ್ಲಿಸಿ ನಿಲ್ಲಿಸಿ ಕುರ್ಚಿ ಎಣಿಸುತ್ತೆ, ಗಾಡಿ ಎಣಿಸುತ್ತೆ, ಫ್ಲೆಕ್ಸ್‌ನ ಅಳತೆ ಅಂದಾಜು ಮಾಡುತ್ತೆ. ಸಾವಿರ ಕುರ್ಚಿ ಕಂಡ ಕಡೆ ಅಭ್ಯರ್ಥಿ ಮುನ್ನೂರು ಅಂತ ಲೆಕ್ಕ ಕೊಟ್ಟರೆ ನೋಟಿಸ್ ಹೋಗುತ್ತೆ. ಬಯಲಲ್ಲಿ ನಡೆಯೋ ಪ್ರಚಾರಕ್ಕೆ ಇದೊಂದು ಲಾಭ, ಎಣಿಸಬಹುದು. ದೊಡ್ಡ ತೂತು ಎಲ್ಲಿದೆ ಅಂದರೆ, ಪಕ್ಷದ ಖರ್ಚಿಗೆ ಮಿತಿಯೇ ಇಲ್ಲ. ಅದು ನನಗೂ ಸಿಟ್ಟು ಬರಿಸುವ ವಿಷಯ.

ಇನ್ನೊಂದು, ಕೈಗೆ ಬಂದ ಕರಪತ್ರದ ಕೆಳಗೆ ಸಣ್ಣ ಅಕ್ಷರ ನೋಡಿ. ಮುದ್ರಿಸಿದವರ ಮತ್ತು ಪ್ರಕಟಿಸಿದವರ ಹೆಸರು, ವಿಳಾಸ ಇರಲೇಬೇಕು. ಇಲ್ಲದಿದ್ದರೆ ಅದು ಯಾರನ್ನೋ ಬೈಯೋಕೆ ಕದ್ದು ಹಾಕಿಸಿದ್ದು ಇರಬಹುದು.

ಪ್ರಶ್ನೆ (ಸಿಂಧನೂರಿನಿಂದ, ಮತ್ತೆ): ಕೊನೇ ಎರಡು ದಿನ ಮೈಕ್ ಬಂದ್ ಆದ ಮೇಲೇ ಅಸಲಿ ಆಟ ಶುರು ಆಗುತ್ತಲ್ಲ ಸರ್, ಅದಕ್ಕೇನು ಹೇಳ್ತೀರಿ?

ಉತ್ತರ: ಮತದಾನ ಮುಗಿಯುವ ಹೊತ್ತಿಗೆ 48 ಗಂಟೆ ಮೊದಲೇ ಸಭೆ, ಮೆರವಣಿಗೆ ನಿಲ್ಲಬೇಕು. ಜನ ಸಮಾಧಾನದಿಂದ ಯೋಚಿಸಲಿ ಅಂತ ಆ ನಿಯಮ. ಮನೆಮನೆಗೆ ಹೋಗಿ ಓಟು ಕೇಳೋಕೆ ಅಡ್ಡಿಯಿಲ್ಲ, ಆ ನೆಪದಲ್ಲೇ ದುಡ್ಡಿನ ಕವರ್ ಹಂಚುತ್ತಾರೆ. ಅದರ ಮೇಲೆ ದೂರು ಕೊಡೋಕೆ ಚುನಾವಣಾ ಆಯೋಗದ ಸಿ-ವಿಜಿಲ್ ಆ್ಯಪ್ ಇದೆ. ಗ್ಯಾಲರಿಯಲ್ಲಿರುವ ಹಳೇ ಫೋಟೋ ತಗೊಳ್ಳಲ್ಲ, ಸ್ಥಳದಲ್ಲೇ ಆ್ಯಪ್‌ನಿಂದ ತೆಗೆಯಬೇಕು. ನಿಮ್ಮ ಹೆಸರು ಕೊಡದೆಯೂ ದೂರು ಹಾಕಬಹುದು, 100 ನಿಮಿಷದಲ್ಲಿ ಕ್ರಮ ಅಂತ ಗುರಿ ಇಟ್ಟಿದ್ದಾರೆ. ಫೋಟೋದಲ್ಲಿ ಕವರ್ ಕೊಡುವ ಕೈ ಜೊತೆ ಗಾಡಿ ನಂಬರೂ ಬಂದರೆ ತಂಡದವರಿಗೆ ಕೆಲಸ ಸುಲಭ.