ಎಫ್-250 ಕೊಟ್ಟು ಚಿಕ್ಕ ಟ್ರಕ್ ತೆಗೆದುಕೊಳ್ಳಲೇ? ಮನಸ್ಸು ಗಟ್ಟಿಯಾಗುತ್ತಿಲ್ಲ

ಆಗುಂಬೆ ಮಳೆ:

ಎಲ್ಲರಿಗೂ ನಮಸ್ಕಾರ. ನಾನಿರುವುದು ಕೊಲರಾಡೊದ ಲವ್‌ಲ್ಯಾಂಡ್‌ನಲ್ಲಿ. ಊರು ತೀರ್ಥಹಳ್ಳಿ ಹತ್ತಿರ, ವಯಸ್ಸು 53. ವಯಸ್ಸು ಯಾಕೆ ಹೇಳಿದೆ ಅಂದರೆ, ನನ್ನ ಪ್ರಶ್ನೆ ಗಾಡಿಯದ್ದೋ ವಯಸ್ಸಿನದ್ದೋ ನನಗೇ ಸರಿಯಾಗಿ ಗೊತ್ತಿಲ್ಲ.

ನನ್ನ ಹತ್ತಿರ 2017ರ ಫೋರ್ಡ್ ಎಫ್-250 ಇದೆ. ಕ್ರೂ ಕ್ಯಾಬ್ (ನಾಲ್ಕು ಬಾಗಿಲಿನದು), 6.7 ಲೀಟರ್ ಡೀಸೆಲ್. ಸೆಕೆಂಡ್ ಹ್ಯಾಂಡ್ ತೆಗೆದುಕೊಂಡಿದ್ದು. ಕಾರಣ ಒಂದೇ, ಹನ್ನೊಂದು ಸಾವಿರ ಪೌಂಡಿನ ಫಿಫ್ತ್ ವೀಲ್ ಕ್ಯಾಂಪರ್, ಅಂದರೆ ಟ್ರಕ್ಕಿನ ಹಿಂಭಾಗದೊಳಗೇ ಸಿಕ್ಕಿಸುವ ಮನೆಗಾಡಿ, ಎಳೆಯಬೇಕಿತ್ತು. ಮಕ್ಕಳಿಬ್ಬರೂ ಆಗ ಶಾಲೆಯಲ್ಲಿದ್ದರು. ಯೆಲ್ಲೋಸ್ಟೋನ್, ಬ್ಲ್ಯಾಕ್ ಹಿಲ್ಸ್, ಯೂಟಾ ಎಲ್ಲ ಸುತ್ತಿದೆವು. ಐ-70ರಲ್ಲಿ ಐಸೆನ್‌ಹೋವರ್ ಸುರಂಗದ ಕಡೆ ಹತ್ತುವಾಗ, 11,000 ಅಡಿ ಎತ್ತರದಲ್ಲಿ, ಹಿಂದೆ ಒಂದು ಮನೆಯನ್ನೇ ಕಟ್ಟಿಕೊಂಡಿದ್ದರೂ ಈ ಪುಣ್ಯಾತ್ಮ ಒಂದು ಸಲವೂ ಗೊಣಗಲಿಲ್ಲ. ಗಾಡಿ ಬಗ್ಗೆ ನನ್ನದು ಒಂದು ಮಾತಿನ ದೂರೂ ಇಲ್ಲ.

ಈಗ ಮಗಳು ಒಹಾಯೋದಲ್ಲಿ ಓದುತ್ತಿದ್ದಾಳೆ, ಮಗ ಕೆಲಸಕ್ಕೆ ಸೇರಿದ್ದಾನೆ. ಕ್ಯಾಂಪರ್ ಮಾರಿ ಎರಡು ಬೇಸಿಗೆ ಆಯಿತು. ಗಾಡಿಗೆ ಉಳಿದಿರುವ ಕೆಲಸ ಅಂದರೆ ಆಫೀಸಿಗೆ ಒಂಬತ್ತು ಮೈಲಿ, ತಿಂಗಳಿಗೊಮ್ಮೆ ಡೆನ್ವರ್ ಕಡೆಯ ಇಂಡಿಯನ್ ಅಂಗಡಿ. ಹೋದ ತಿಂಗಳು 20 ಪೌಂಡಿನ ಸೋನಾ ಮಸೂರಿ ಚೀಲ ಒಂದನ್ನೇ ಹಿಂದೆ ಸಾಮಾನು ಹಾಕುವ ಬೆಡ್‌ನಲ್ಲಿ ಹಾಕಿಕೊಂಡು ಬಂದೆ. ಪ್ರತಿ ತಿರುವಿನಲ್ಲೂ ಆ ಚೀಲ ಈ ಗೋಡೆಯಿಂದ ಆ ಗೋಡೆಗೆ ಉರುಳುವ ಸದ್ದು. ನಮ್ಮನೆಯವಳು ಏನೂ ಹೇಳಲಿಲ್ಲ, ಸುಮ್ನೆ ನನ್ನ ಮುಖ ನೋಡಿದಳು.

ಉದ್ದ ಹತ್ತಿರ ಹತ್ತಿರ 21 ಅಡಿ. ಗ್ಯಾರೇಜಿಗೆ ಹೋಗುವುದಿಲ್ಲ. ಹಿಮ ಬಿದ್ದ ದಿನ ಸ್ಟೂಲ್ ಮೇಲೆ ನಿಂತು ಪೊರಕೆಯಲ್ಲಿ ಗುಡಿಸಬೇಕು. ಆಯಿಲ್ ಬದಲಿಸಲು 13 ಕ್ವಾರ್ಟ್, ಅಂದರೆ ಸುಮಾರು 12 ಲೀಟರ್. ಖಾಲಿ ಓಡಿಸಿದರೆ ಹಿಂದಿನ ಪಟ್ಟಿ ಸ್ಪ್ರಿಂಗು ಬಗ್ಗುವುದೇ ಇಲ್ಲ, ರಸ್ತೆಯ ಪ್ರತಿ ಗುಳಿಯೂ ಬೆನ್ನಿಗೆ ಗೊತ್ತಾಗುತ್ತದೆ. ಭಾರ ಹೊರಲಿಕ್ಕೆ ಮಾಡಿದ ಗಾಡಿ, ಭಾರ ಇಲ್ಲದಿದ್ದರೆ ಅದಕ್ಕೂ ಬೇಜಾರು ಅಂತ ಕಾಣುತ್ತದೆ.

ಆದರೆ ನಿಜವಾಗಿ ಮನಸ್ಸು ಕೆಟ್ಟಿದ್ದು ಹೋದ ಆಗಸ್ಟ್‌ನಲ್ಲಿ. ನಾವಿಬ್ಬರೇ ಸ್ಯಾನ್ ವಾನ್ ಬೆಟ್ಟಗಳಿಗೆ ಹೋಗಿದ್ದೆವು. ಲೇಕ್ ಸಿಟಿಯಿಂದ ಎಂಜಿನಿಯರ್ ಪಾಸ್ ಹತ್ತಿದೆವು, 12,800 ಅಡಿ. ಮೇಲೆ ಹೋಗುವವರೆಗೂ ನಾನೇ ರಾಜ. ಆಚೆ ಕಡೆ, ಅನಿಮಾಸ್ ಫೋರ್ಕ್ಸ್ ಎಂಬ ಹಾಳೂರಿನ ದಿಕ್ಕಿಗೆ ಇಳಿಯುವಾಗ ಎದುರಿಗೆ ಮೂರು ಜೀಪು ಬಂದವು. ಒಂದು ಕಡೆ ಬಂಡೆ, ಇನ್ನೊಂದು ಕಡೆ ಪ್ರಪಾತ. ಹತ್ತುವವರಿಗೆ ದಾರಿ ಬಿಡಬೇಕು, ಅದು ಬೆಟ್ಟದ ನಿಯಮ. ಹಾಗಾಗಿ ನಾನೇ ಹಿಂದಕ್ಕೆ ಹತ್ತಬೇಕಾಯಿತು. ಕನ್ನಡಿ ಬಿಟ್ಟೇ 6 ಅಡಿ 8 ಇಂಚು ಅಗಲದ ಗಾಡಿ. ನಮ್ಮನೆಯವಳು ಇಳಿದು, ಗಾಡಿ ಹಿಂದೆ ನಿಂತು, ಥೇಟ್ ನಮ್ಮೂರ ಬಸ್ ಕಂಡಕ್ಟರ್ ಹಾಗೆ "ಬರ್ಲಿ, ಬರ್ಲಿ, ಲೆಫ್ಟಿಗೆ, ಹೋಲ್ಡಾನ್!" ಅಂತ ಕೂಗುತ್ತಾ ಕಾಲು ಮೈಲಿ ಹಿಂದಕ್ಕೆ ನಡೆದಳು. ಜೀಪಿನವರು ಕೈ ಬೀಸಿ ಹೋದರು. ಕೊನೆಯ ಜೀಪಿನಲ್ಲಿ ನನಗಿಂತ ಇಪ್ಪತ್ತು ವರ್ಷ ದೊಡ್ಡವರಾದ ಗಂಡ ಹೆಂಡತಿ. ಆಯಮ್ಮ ಸೇಬು ತಿನ್ನುತ್ತಿದ್ದರು.

ಆ ಸೇಬು ನನ್ನ ತಲೆಯಿಂದ ಹೋಗುತ್ತಿಲ್ಲ.

ಚಿಕ್ಕವನಿದ್ದಾಗ ಅಪ್ಪನ ಹತ್ತಿರ ಮಹೀಂದ್ರ ಫೈವ್ ಫಾರ್ಟಿ ಜೀಪಿತ್ತು. ಅಡಿಕೆ ಮೂಟೆ ಹಾಕಿಕೊಂಡು ಶಿವಮೊಗ್ಗ ಮಂಡಿಗೆ ಹೋಗುವುದೂ ಅದರಲ್ಲೇ, ಮಳೆಗಾಲದಲ್ಲಿ ಟೈರಿಗೆ ಸರಪಳಿ ಕಟ್ಟಿ ತೋಟದ ಏರು ಹತ್ತುವುದೂ ಅದರಲ್ಲೇ. ಗಾಡಿ ಓಡಿಸುವುದು ಅಂದರೆ ಖುಷಿ ಅಂತ ಗೊತ್ತಾಗಿದ್ದು ಅಲ್ಲಿ.

ಕಣ್ಣಿಟ್ಟಿರುವುದು ಟೊಯೋಟಾ ಟಕೋಮಾ ಟಿಆರ್‌ಡಿ ಆಫ್-ರೋಡ್ ಅಥವಾ ಜೀಪ್ ಗ್ಲ್ಯಾಡಿಯೇಟರ್ ಮೇಲೆ. ತೊಡಕು ಇಷ್ಟೇ: ಚಳಿಗಾಲಕ್ಕೆ ಕಾಡಿನಿಂದ ಸೌದೆ ತರುತ್ತೇನೆ, ಪರ್ಮಿಟ್ ತೆಗೆದುಕೊಂಡು. ಸ್ನೇಹಿತರೊಬ್ಬರ ಟ್ರ್ಯಾಕ್ಟರನ್ನು ವರ್ಷಕ್ಕೊಮ್ಮೆ ಸಾಗಿಸಿ ಕೊಡುತ್ತೇನೆ. ದೊಡ್ಡದನ್ನು ಕೊಟ್ಟು ಪಶ್ಚಾತ್ತಾಪ ಪಟ್ಟವರು ಯಾರಾದರೂ ಇದ್ದೀರಾ?

ಡ್ಯಾಲಸ್ ಡೀಸೆಲ್:

ಸಾರ್, ಕೊಡಬೇಡಿ. ಒಂದೇ ಮಾತು.

ಅಂಥ ಗಾಡಿ ಇನ್ನೊಮ್ಮೆ ಕೊಳ್ಳಲು ಹೋದರೆ ಗೊತ್ತಾಗುತ್ತದೆ ಇವತ್ತಿನ ಬೆಲೆ. ರಿಟೈರ್ ಆದ ಮೇಲೆ ಮತ್ತೆ ಕ್ಯಾಂಪರ್ ಬೇಕು ಅನ್ನಿಸದೇ ಇರುತ್ತಾ? ನಾನು ಒಮ್ಮೆ ಕೊಟ್ಟೆ, ಎರಡೇ ವರ್ಷಕ್ಕೆ ಇನ್ನೊಂದು ಕೊಂಡೆ. ಮಧ್ಯದಲ್ಲಿ ಕಳಕೊಂಡ ದುಡ್ಡು ಹೆಂಡತಿಗೆ ಇನ್ನೂ ಹೇಳಿಲ್ಲ.

ಕೊಡುವುದೇ ಖಚಿತ ಆದರೆ ಒಂದು ಲೆಕ್ಕ ಹಾಕಿ. ನಮ್ಮ ಟೆಕ್ಸಸ್‌ನಂತೆ ನಿಮ್ಮ ಕೊಲರಾಡೊದಲ್ಲೂ ಡೀಲರ್ ಹತ್ತಿರ ಎಕ್ಸ್‌ಚೇಂಜ್ ಮಾಡಿದರೆ ಹಳೆ ಗಾಡಿಯ ಬೆಲೆ ಕಳೆದು ಉಳಿದದ್ದಕ್ಕೆ ಮಾತ್ರ ಸೇಲ್ಸ್ ಟ್ಯಾಕ್ಸ್. ಕ್ಯಾಲಿಫೋರ್ನಿಯಾದವರಿಗೆ ಆ ಭಾಗ್ಯ ಇಲ್ಲ. ಹಾಗಾಗಿ ಹೊರಗೆ ಮಾರಿದರೆ ಬರುವ ಹೆಚ್ಚಿನ ದುಡ್ಡಿನಲ್ಲಿ ಆ ಟ್ಯಾಕ್ಸ್ ಕಳೆದು ನೋಡಿ. ಮತ್ತೆ, ಡೀಸೆಲ್ ಟ್ರಕ್ ಮಾರುವುದಿದ್ದರೆ ವಸಂತದಲ್ಲಿ ಮಾರಿ. ಕ್ಯಾಂಪರ್‌ನವರೂ ಕುದುರೆಯವರೂ ಆಗಲೇ ಹುಡುಕುವುದು.

ಲೋ ರೇಂಜ್:

ಅಣ್ಣ, ನಾನು ಗ್ರ್ಯಾಂಡ್ ಜಂಕ್ಷನ್‌ನಲ್ಲಿರುವುದು. 2021ರ ಗ್ಲ್ಯಾಡಿಯೇಟರ್ ರೂಬಿಕಾನ್ ಓಡಿಸುತ್ತೇನೆ. ಕಲ್ಲುಬಂಡೆ ದಾರಿಗಳಿಗೆ ಹೆಸರಾದ ಯೂಟಾದ ಮೋಆಬ್ ನನಗೆ ಎರಡು ಗಂಟೆಯೂ ಇಲ್ಲ, ಹಾಗಾಗಿ ವಾರಾಂತ್ಯ ಎಲ್ಲಿರುತ್ತೇನೆ ಅಂತ ಕೇಳಬೇಡಿ.

ಮೊದಲು ಗ್ಲ್ಯಾಡಿಯೇಟರ್ ಬಗ್ಗೆ ನಿಜ ಹೇಳುತ್ತೇನೆ. ನನ್ನ ರೂಬಿಕಾನ್‌ನಲ್ಲಿ ಮುಂದೆ ಹಿಂದೆ ಎರಡೂ ಆಕ್ಸಲ್‌ಗೆ ಲಾಕರ್ ಇದೆ, ಅಂದರೆ ಎಡ ಬಲ ಚಕ್ರಗಳನ್ನು ಒಟ್ಟಿಗೇ ತಿರುಗಿಸುವ ಬೀಗ. ಒಂದು ಚಕ್ರ ಗಾಳಿಯಲ್ಲಿ ತೇಲಿದರೂ ಇನ್ನೊಂದು ಚಕ್ರ ತಿರುಗಿಯೇ ತಿರುಗುತ್ತದೆ. ಲಾಕರ್ ಇಲ್ಲದಿದ್ದರೆ ಶಕ್ತಿಯೆಲ್ಲ ತೇಲಿದ ಚಕ್ರಕ್ಕೇ ಹೋಗಿ ಗಾಡಿ ನಿಂತಲ್ಲೇ ನಿಲ್ಲುತ್ತದೆ. ನಿಮ್ಮಪ್ಪ ಸರಪಳಿ ಕಟ್ಟಿ ಮಾಡುತ್ತಿದ್ದ ಕೆಲಸದಲ್ಲಿ ಅರ್ಧವನ್ನು ಇಲ್ಲಿ ಒಂದು ಸ್ವಿಚ್ ಮಾಡುತ್ತದೆ. ಬಾಗಿಲು, ಚಾವಣಿ ಬಿಚ್ಚಿಟ್ಟು ಸೆಪ್ಟೆಂಬರ್‌ನಲ್ಲಿ ಆಸ್ಪೆನ್ ಮರಗಳ ನಡುವೆ ಹೋದರೆ ಅದರ ಸುಖವೇ ಬೇರೆ.

ಆದರೆ ವೀಲ್‌ಬೇಸ್ (ಮುಂದಿನ, ಹಿಂದಿನ ಚಕ್ರಗಳ ನಡುವಿನ ಅಂತರ) 137 ಇಂಚು. ನಾಲ್ಕು ಬಾಗಿಲಿನ ಜೀಪ್ ರಾಂಗ್ಲರ್‌ದು 118. ದಿಣ್ಣೆ ದಾಟುವಾಗ ಹೊಟ್ಟೆ ತಾಗುವುದು ನನಗೇ, ಗೆಳತಿಯ ರಾಂಗ್ಲರ್‌ಗೆ ಅಲ್ಲ. ಟಕೋಮಾ 132ರ ಹತ್ತಿರ. ನಿಮ್ಮದು ಈಗ 160. ಯಾವುದು ತೆಗೆದುಕೊಂಡರೂ ನಿಮಗೆ ಸೈಕಲ್ ಹತ್ತಿದ ಹಾಗೇ ಅನ್ನಿಸುತ್ತದೆ ಬಿಡಿ.

ಎತ್ತರದ ವಿಷಯ ಯಾರೂ ಹೇಳುವುದಿಲ್ಲ. ಗಾಳಿಯನ್ನು ಒತ್ತಿ ತುಂಬುವ ಟರ್ಬೋ ಇಲ್ಲದ ಎಂಜಿನ್ ಪ್ರತಿ ಸಾವಿರ ಅಡಿಗೆ ಸುಮಾರು ಶೇ. 3ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಇಮೋಜೀನ್ ಪಾಸ್ 13,114 ಅಡಿ. ಅಲ್ಲಿ ನನ್ನ 285 ಕುದುರೆಗಳಲ್ಲಿ ನೂರಕ್ಕೂ ಜಾಸ್ತಿ ಕುದುರೆಗಳು ಮಲಗಿರುತ್ತವೆ. ಲೋ ರೇಂಜ್‌ನಲ್ಲಿ (ನಿಧಾನಕ್ಕೆ ಹತ್ತುವ ಬಲದ ಗೇರಿನಲ್ಲಿ) ಅದು ಅಷ್ಟು ಬಾಧಿಸುವುದಿಲ್ಲ, ಆದರೆ ಹೆದ್ದಾರಿಯ ಏರಿನಲ್ಲಿ ಬಾಧಿಸುತ್ತದೆ. ಟರ್ಬೋ ಡೀಸೆಲ್ ಅಭ್ಯಾಸ ಆದವರಿಗೆ ಬೇಗ ಗೊತ್ತಾಗುತ್ತದೆ. 2024ರ ನಂತರದ ಟಕೋಮಾ ಎಲ್ಲ 2.4 ಲೀಟರ್ ಟರ್ಬೋ, ಅದು ನಿಮಗೆ ಅನುಕೂಲ.

ಇನ್ನು ಸೌದೆ. ಶೋರೂಮಿನಲ್ಲಿ ಡ್ರೈವರ್ ಬಾಗಿಲು ತೆಗೆದು ಅಲ್ಲಿ ಅಂಟಿಸಿರುವ ಸ್ಟಿಕ್ಕರ್ ಓದಿ. ಜನ, ಸಾಮಾನು ಸೇರಿ ಇಷ್ಟೇ ಪೌಂಡು ಅಂತ ಬರೆದಿರುತ್ತದೆ. ಬ್ರೋಷರ್ ನಂಬಬೇಡಿ, ಒಂದೊಂದು ಗಾಡಿಗೂ ಬೇರೆ ಬೇರೆ ಇರುತ್ತದೆ. ಒಂದು ಕಾರ್ಡ್ (ಇಲ್ಲಿ ಸೌದೆ ರಾಶಿ ಅಳೆಯುವ ಅಳತೆ) ಒಣ ಪೈನ್ ಸೌದೆ ಎರಡೂವರೆ ಸಾವಿರ ಪೌಂಡಿನ ಆಸುಪಾಸು. ಹಸಿ ಇದ್ದರೆ ಇನ್ನೂ ಜಾಸ್ತಿ. ಈ ಚಿಕ್ಕ ಟ್ರಕ್‌ಗಳಲ್ಲಿ ಅರ್ಧ ಕಾರ್ಡ್ ಹೊತ್ತರೆ ಅದೇ ಹೆಚ್ಚು. ಮೇಲಿಂದ ಸ್ಟೀಲ್ ಬಂಪರ್, ವಿಂಚ್, ಚಾವಣಿ ಟೆಂಟ್ ಅಂತ ಒಂದೊಂದೇ ಹಾಕಿಸಿಕೊಳ್ಳುತ್ತೀರಿ (ಹಾಕಿಸಿಕೊಳ್ಳುತ್ತೀರಿ, ನೋಡುತ್ತಿರಿ), ಅವೆಲ್ಲದರ ತೂಕವೂ ಆ ಸ್ಟಿಕ್ಕರ್‌ನಲ್ಲೇ ಕಳೆಯಬೇಕು.

ಕೊಳ್ಳುವ ಮೊದಲು ಸ್ಯಾನ್ ವಾನ್ ಬೆಟ್ಟಗಳಲ್ಲಿರುವ 'ಊರೇ' ಎಂಬ ಊರಿನಲ್ಲಿ ಒಂದು ದಿನ ಜೀಪ್ ಬಾಡಿಗೆಗೆ ತೆಗೆದುಕೊಳ್ಳಿ. ಜೊತೆಗೆ ಅತ್ತಿಗೆಯನ್ನೂ ಕರೆದುಕೊಂಡು ಹೋಗಿ. ಈ ಸಲ ಅವರು ಗಾಡಿ ಒಳಗೇ ಕೂತಿರಲಿ.

ಕಾಫಿ ತೋಟ:

ಮೂಡಿಗೆರೆಯಿಂದ ಬರೆಯುತ್ತಿದ್ದೇನೆ. ಅಮೆರಿಕದ ಲೆಕ್ಕ ನನಗೆ ಗೊತ್ತಿಲ್ಲ, ಆದರೆ ಈ ಸಂಕಟ ಗೊತ್ತು.

ನಮ್ಮಲ್ಲಿ ಬೊಲೆರೊ ಪಿಕಪ್ ಇದೆ. ಕಾಫಿ ಚೀಲ ಕ್ಯೂರಿಂಗ್ ವರ್ಕ್ಸ್‌ಗೆ ಹೋಗಬೇಕು, ಗೊಬ್ಬರ ಬರಬೇಕು. ಅದನ್ನು ಮಾರುವ ಪ್ರಶ್ನೆಯೇ ಇಲ್ಲ. ಖುಷಿಗೆ ಅಂತ ಜಿಪ್ಸಿ ಇತ್ತು, ಅದನ್ನು ಕೊಟ್ಟು 2023ರಲ್ಲಿ ಜಿಮ್ನಿ ತೆಗೆದುಕೊಂಡೆ. ಐದು ಬಾಗಿಲಿನದು, 1.5 ಲೀಟರ್ ಪೆಟ್ರೋಲ್, ತೂಕ 1,200 ಕೆಜಿ ಆಸುಪಾಸು. ಲಾಕರ್ ಇಲ್ಲ, ಜಾರುವ ಚಕ್ರಕ್ಕೆ ಬ್ರೇಕ್ ಹಿಡಿದು ಇನ್ನೊಂದಕ್ಕೆ ಶಕ್ತಿ ಕಳಿಸುತ್ತದೆ. ಜುಲೈ ಕೆಸರಿನಲ್ಲಿ ಭಾರದ ಗಾಡಿ ಹೂತುಕೊಳ್ಳುವ ಜಾಗದಲ್ಲಿ ಇದು ಮೇಕೆ ಹಾಗೆ ಹತ್ತಿ ಹೋಗುತ್ತದೆ. ಹಗುರ ಇರುವುದೇ ಒಂದು ಶಕ್ತಿ. ನಿಮ್ಮ ಕಡೆ ಜಿಮ್ನಿ ಮಾರುವುದಿಲ್ಲವಂತೆ. ಪಾಪ.

ನನ್ನ ಪಿಕಪ್‌ಗೆ ದಿನಾ ಕೆಲಸ ಇದೆ, ಅದಕ್ಕೇ ಇಟ್ಟುಕೊಂಡಿದ್ದೇನೆ. ನಿಮ್ಮದಕ್ಕೆ ಇಲ್ಲ. ಉಳುಮೆ ಬಿಟ್ಟ ಮೇಲೂ ಎತ್ತಿನ ಜೋಡಿ ಕಟ್ಟಿಕೊಂಡು ಹುಲ್ಲು ಹಾಕಿದ ಹಾಗೆ. ಸಾಕಿದ ಪ್ರೀತಿಗೆ ಹಾಕುತ್ತೇವೆ, ಅದು ಬೇರೆ. ಆ ಎತ್ತಿಗೆ ಬೇರೆ ಹೊಲ ಸಿಕ್ಕರೆ ಕೊಡಿ.

ಆಗುಂಬೆ ಮಳೆ:

ಇಷ್ಟು ದಿನ ಉತ್ತರ ಬರೆಯದಿದ್ದಕ್ಕೆ ಕ್ಷಮಿಸಿ. ನಡುವೆ ಒಂದು ಚಳಿಗಾಲ ಕಳೆಯಿತು.

ಮೊದಲು ಒಂದು ಡೈರಿ ಇಟ್ಟೆ. ಗಾಡಿ ಎಷ್ಟು ಸಲ ಏನು ಎಳೆಯಿತು, ಏನು ಹೊತ್ತಿತು ಅಂತ. ಆರು ತಿಂಗಳಲ್ಲಿ: ಸೌದೆ ಎರಡು ಸಲ, ಟ್ರ್ಯಾಕ್ಟರ್ ಒಂದು ಸಲ, ಪಕ್ಕದ ಮನೆಯವರ ಸೋಫಾ ಒಂದು ಸಲ. ಸೋಫಾಕ್ಕೆ ಅವರು ಕೊಟ್ಟ ಪೈ ಚೆನ್ನಾಗಿತ್ತು, ಅದನ್ನೂ ಬರೆದಿಟ್ಟಿದ್ದೇನೆ. ಟ್ರ್ಯಾಕ್ಟರ್ ಸ್ನೇಹಿತರಿಗೆ ಹೀಗೀಗೆ ಅಂದೆ. "ಅಯ್ಯೋ, ಟ್ರಕ್ ಬಾಡಿಗೆಗೆ ಸಿಗುತ್ತದೆ ಮಾರಾಯ, ನೀನು ಬೇಜಾರು ಮಾಡಿಕೊಳ್ಳುತ್ತೀಯ ಅಂತ ನಿನ್ನನ್ನೇ ಕರೆಯುತ್ತಿದ್ದೆ" ಅಂದರು. ಏಳು ವರ್ಷ ನಾನು ಉಪಕಾರ ಮಾಡುತ್ತಿದ್ದೇನೆ ಅಂದುಕೊಂಡಿದ್ದೆ!

ಲೋ ರೇಂಜ್ ಅವರೇ, ಊರೇಗೆ ಹೋಗಿ ರಾಂಗ್ಲರ್ ಬಾಡಿಗೆಗೆ ತೆಗೆದುಕೊಂಡೆವು, ಸೆಪ್ಟೆಂಬರ್ ಕೊನೆಯಲ್ಲಿ. ಅದೇ ಎಂಜಿನಿಯರ್ ಪಾಸ್. ಎದುರು ಬಂದ ಗಾಡಿಗೆ ನಾನು ಬಂಡೆ ಪಕ್ಕ ಒತ್ತಿ ನಿಂತೆ, ಅಷ್ಟೇ, ದಾರಿ ಆಯಿತು. ನಮ್ಮನೆಯವಳು ಚೀಲದಿಂದ ಸೇಬು ತೆಗೆದಳು. ಬೇಕಂತಲೇ ತಂದಿದ್ದಳು.

ಆದರೂ ಜೀಪ್ ತೆಗೆದುಕೊಳ್ಳಲಿಲ್ಲ. ನನ್ನ ಬೆನ್ನಿಗೆ ಲವ್‌ಲ್ಯಾಂಡ್‌ನಿಂದ ಊರೇವರೆಗಿನ ಆರೇಳು ಗಂಟೆಯ ಹೆದ್ದಾರಿಯೂ ಲೆಕ್ಕವೇ. ಟಕೋಮಾ ಆಫ್-ರೋಡ್ ತೆಗೆದುಕೊಂಡೆ, ಆರು ಗೇರಿನ ಮ್ಯಾನುವಲ್. ಸೇಲ್ಸ್ ಹುಡುಗ ಎರಡೆರಡು ಸಲ ಕೇಳಿದ, "ಖಂಡಿತ ಮ್ಯಾನುವಲ್ಲೇ ಬೇಕಾ?" ಅಂತ. ಆಟೋಮ್ಯಾಟಿಕ್‌ನಲ್ಲಿರುವ, ಕಷ್ಟದ ದಾರಿಯಲ್ಲಿ ಗಾಡಿಯನ್ನು ತಾನೇ ನಿಧಾನಕ್ಕೆ ನಡೆಸುವ ಕ್ರಾಲ್ ಕಂಟ್ರೋಲ್ ಇದರಲ್ಲಿ ಬರುವುದಿಲ್ಲ. ಬೇಡ ಅಂದೆ. ನನ್ನ ಎಡಗಾಲಿಗೆ ಎಷ್ಟೋ ವರ್ಷದಿಂದ ಕೆಲಸ ಇರಲಿಲ್ಲ. ಹಿಂದಿನ ಲಾಕರ್ ಇದೆ, ಮುಂದಿನದು ಇಲ್ಲ. ನನ್ನ ಧೈರ್ಯಕ್ಕೆ ಅಷ್ಟು ಸಾಕು. ಬಾಗಿಲಿನ ಸ್ಟಿಕ್ಕರ್ ಓದಿದೆ. ಇನ್ನು ಮೇಲೆ ಸೌದೆ ಸ್ವಲ್ಪ ಸ್ವಲ್ಪವೇ, ಎರಡರ ಬದಲು ನಾಲ್ಕು ಸಲ. ಕಾಡಿಗೆ ನಾಲ್ಕು ಸಲ ಹೋಗುವುದು ಶಿಕ್ಷೆ ಅಂತ ಯಾರು ಹೇಳಿದರು?

ಡ್ಯಾಲಸ್ ಸಾರ್, ನಿಮ್ಮ ಲೆಕ್ಕ ಹಾಕಿದೆ. ಡೀಲರ್ 31,000 ಡಾಲರ್ ಅಂದ. ವೆಲಿಂಗ್ಟನ್ ಕಡೆಯ ಒಬ್ಬ ಹುಲ್ಲು ಬೆಳೆಯುವ ರೈತ ಏಪ್ರಿಲ್‌ನಲ್ಲಿ 35,500 ಕೊಟ್ಟ. ಟ್ಯಾಕ್ಸ್‌ನಲ್ಲಿ ಸುಮಾರು ಎರಡು ಸಾವಿರ ಹೋಯಿತು, ಆದರೂ ಎರಡೂವರೆ ಸಾವಿರ ಉಳಿಯಿತು. ಗ್ಯಾರೇಜಿನಲ್ಲಿದ್ದ ಫಿಫ್ತ್ ವೀಲ್ ಹಿಚ್ಚನ್ನೂ ಅವನಿಗೇ ಕೊಟ್ಟೆ. ಮಾರನೇ ವಾರ ಫೋನ್ ಮಾಡಿದ್ದ. ಹಿಂದೆ ಹದಿಮೂರು ಸಾವಿರ ಪೌಂಡಿನ ಹುಲ್ಲು ಕಟ್ಟಿಕೊಂಡು ಬಂದೆ, ಗಾಡಿ ಚೆನ್ನಾಗಿದೆ ಅಂದ. ಮೂಡಿಗೆರೆಯವರೇ, ಹೊಲ ಸಿಕ್ಕಿತು.

ಕೊಟ್ಟ ದಿನ ರಾತ್ರಿ ನಿದ್ದೆ ಬರಲಿಲ್ಲ, ಸುಳ್ಳು ಯಾಕೆ ಹೇಳಲಿ. ಮನೆ ಮುಂದೆ ಎಣ್ಣೆ ಕಲೆಯೂ ಇಲ್ಲದ 21 ಅಡಿ ಖಾಲಿ ಜಾಗ.

ಹೋದ ಶನಿವಾರ ಎಸ್ಟೆಸ್ ಪಾರ್ಕ್ ಹತ್ತಿರದ ಪೋಲ್ ಹಿಲ್ ರಸ್ತೆಗೆ ಹೋಗಿದ್ದೆ. ಕಲ್ಲಿನ ಮೇಲೆ ಹಿಡಿತ ಸಿಗಲಿ ಅಂತ ಟೈರ್ ಗಾಳಿ 20 ಪಿಎಸ್‌ಐಗೆ ಇಳಿಸಿದೆ. ಆದರೆ ವಾಪಸ್ ತುಂಬಿಸಿಕೊಳ್ಳಲು ಏನೂ ಇರಲಿಲ್ಲ. ಹೆದ್ದಾರಿಯಲ್ಲಿ 25 ಮೈಲಿ ವೇಗದಲ್ಲಿ ಪೆಟ್ರೋಲ್ ಬಂಕ್‌ವರೆಗೆ ತೆವಳಿದೆ. ಹಿಂದೆ ಹಾರ್ನ್ ಮೇಲೆ ಹಾರ್ನ್. ಯಾವ ತರದ ಕಂಪ್ರೆಸರ್ ತೆಗೆದುಕೊಳ್ಳಲಿ?

ಲೋ ರೇಂಜ್:

ಅಭಿನಂದನೆ ಅಣ್ಣ! ಲೈಟರ್ ಸಾಕೆಟ್‌ಗೆ ಚುಚ್ಚುವ ಆಟಿಕೆ ಬೇಡ, ಫ್ಯೂಸ್ ಹೋಗುತ್ತದೆ. ಬ್ಯಾಟರಿಗೇ ನೇರ ಕ್ಲಿಪ್ ಹಾಕುವುದು ತೆಗೆದುಕೊಳ್ಳಿ, ತುಂಬುವಾಗ ಎಂಜಿನ್ ಚಾಲೂ ಇರಲಿ. ಪೈಪ್ ಹಿಂದಿನ ಚಕ್ರದವರೆಗೆ ಮುಟ್ಟುತ್ತಾ ಅಂತ ಅಂಗಡಿಯಲ್ಲೇ ಅಳೆದು ನೋಡಿ. ನನ್ನ ಮೊದಲನೆಯದು ಮುಟ್ಟುತ್ತಿರಲಿಲ್ಲ.