ಅಡಿಕೆ ಸುಲಿಯುವ ಯಂತ್ರ, ಮೊಬೈಲ್ ಆ್ಯಪ್, ಹೊಸ ವ್ಯಾಪಾರ: ಪೇಟೆಂಟ್ ಯಾವುದಕ್ಕೆ ಸಿಗುತ್ತದೆ?

ಪ್ರಶ್ನೆ (ಸಾಗರ ತಾಲ್ಲೂಕಿನ ಬೆಳೆಗಾರರು):
ಮೇಡಂ, ನಮಸ್ಕಾರ. ಕೊಯ್ಲಿನ ಕಾಲದಲ್ಲಿ ಸುಲಿಯುವವರು ಸಿಗದೆ ಹಸಿ ಅಡಿಕೆ ಅಂಗಳದಲ್ಲಿ ರಾಶಿ ಬೀಳುವುದು ನಮ್ಮ ಕಡೆ ಪ್ರತಿ ವರ್ಷದ ಪಾಡು. ಎರಡು ವರ್ಷ ಕಷ್ಟಪಟ್ಟು, ಊರಿನ ವೆಲ್ಡಿಂಗ್ ಅಂಗಡಿಯವರ ಜೊತೆ ಸೇರಿ ಒಂದು ಸುಲಿಯುವ ಯಂತ್ರ ಮಾಡಿದ್ದೇನೆ. ನಾನು ನೋಡಿದ ಯಂತ್ರಗಳಲ್ಲಿ ಕಾಯಿಯ ಗಾತ್ರ ಹೆಚ್ಚು ಕಡಿಮೆಯಾದರೆ ಒಳಗಿನ ಅಡಿಕೆಗೆ ಬ್ಲೇಡಿನ ಗಾಯ ಬೀಳುತ್ತದೆ. ನನ್ನದರಲ್ಲಿ ಬ್ಲೇಡು ಸ್ಪ್ರಿಂಗಿನ ಬಲದಿಂದ ಹಿಂದೆ ಮುಂದೆ ಸರಿಯುವುದರಿಂದ ಗಾಯ ತೀರಾ ಕಡಿಮೆ. ಇದನ್ನು ಪಿಕಪ್ ವಾಹನದಲ್ಲಿಟ್ಟುಕೊಂಡು, ಆ್ಯಪ್‌ನಲ್ಲಿ ಬುಕ್ ಮಾಡಿದವರ ಮನೆಗೇ ಹೋಗಿ ಕೆ.ಜಿ. ಲೆಕ್ಕದಲ್ಲಿ ಸುಲಿದುಕೊಡುವ ವ್ಯಾಪಾರ ಮಾಡಬೇಕೆಂದಿದ್ದೇನೆ. ಈ ಇಡೀ ಯೋಚನೆಗೆ ಪೇಟೆಂಟ್ ಪಡೆಯುವುದು ಹೇಗೆ? ವಾಟ್ಸ್‌ಆ್ಯಪ್ ಗುಂಪಿನಲ್ಲಿ ವಿಡಿಯೋ ಹಾಕಿದ ಮೇಲೆ ಮೂರು ಜನ ಫೋನ್ ಮಾಡಿ ‘ಒಳಗೆ ಏನಿಟ್ಟಿದ್ದೀರಿ’ ಎಂದು ಕೇಳಿದ್ದಾರೆ. ಭಯವಾಗಿದೆ.

ಉತ್ತರ (ಪೇಟೆಂಟ್ ಏಜೆಂಟ್, ಬೆಂಗಳೂರು):
ನಮಸ್ಕಾರ. ಮೊದಲು ಆ ವಿಡಿಯೋ ಅಳಿಸಿಬಿಡಿ, ಉಳಿದದ್ದನ್ನು ಆಮೇಲೆ ಓದಿ.

ಈಗ ವಿಷಯಕ್ಕೆ ಬರುತ್ತೇನೆ. ‘ಇಡೀ ಯೋಚನೆ’ಗೆ ಪೇಟೆಂಟ್ ಎಂಬುದು ಇಲ್ಲ. ನಮ್ಮ 1970ರ ಪೇಟೆಂಟ್ ಕಾಯ್ದೆಯ ಕಲಂ 3(ಕೆ) ವ್ಯಾಪಾರ ವಿಧಾನವನ್ನೂ ಕೇವಲ ಕಂಪ್ಯೂಟರ್ ಪ್ರೋಗ್ರಾಂ ಆಗಿರುವುದನ್ನೂ ಪೇಟೆಂಟಿನಿಂದ ಹೊರಗಿಟ್ಟಿದೆ. ವಾಹನದಲ್ಲಿ ಯಂತ್ರ ಕೊಂಡೊಯ್ಯುವುದು, ಆ್ಯಪ್‌ನಲ್ಲಿ ಬುಕ್ ಮಾಡಿಸಿಕೊಳ್ಳುವುದು, ಕೆ.ಜಿ.ಗೆ ಇಷ್ಟು ಎಂದು ದರ ಹಿಡಿಯುವುದು, ಇವೆಲ್ಲ ಅಲ್ಲಿಗೇ ನಿಂತವು. ನಾಳೆ ಪಕ್ಕದ ತಾಲ್ಲೂಕಿನವರು ಇದೇ ರೀತಿ ವ್ಯಾಪಾರ ಶುರುಮಾಡಿದರೆ ಪೇಟೆಂಟ್ ತೋರಿಸಿ ತಡೆಯಲಾಗದು. ಆದರೆ ನಿಮ್ಮ ಹೆಸರು, ಲಾಂಛನಗಳನ್ನು ಟ್ರೇಡ್‌ಮಾರ್ಕ್ ಆಗಿ ನೋಂದಾಯಿಸಬಹುದು. ವ್ಯಕ್ತಿಗಳಿಗೆ ಆನ್‌ಲೈನ್ ಶುಲ್ಕ ಒಂದು ವರ್ಗಕ್ಕೆ (ಸರಕು, ಸೇವೆಗಳ ಒಂದು ಬಗೆಗೆ) 4,500 ರೂಪಾಯಿ. ಆ್ಯಪ್‌ನ ಕೋಡ್‌ಗೆ ಕೃತಿಸ್ವಾಮ್ಯ ತಾನಾಗಿಯೇ ಇರುತ್ತದೆ. ಆದರೆ ಕೋಡ್ ಬರೆದವರು ಹೊರಗಿನವರಾದರೆ ಅದು ನಿಮಗೆ ಸೇರುತ್ತದೆಂದು ಅವರಿಂದ ಬರೆಸಿಕೊಳ್ಳಿ.

ನಿಮ್ಮ ಆಸ್ತಿ ಇರುವುದು ಆ ಸರಿಯುವ ಬ್ಲೇಡಿನಲ್ಲಿ. ಅದು ಹೊಸದಾಗಿರಬೇಕು, ಆ ಕಸುಬು ಬಲ್ಲವರಿಗೆ ಸುಲಭವಾಗಿ ಹೊಳೆಯುವಂಥದ್ದಾಗಿರಬಾರದು, ತಯಾರಿಸಿ ಬಳಸಲು ಬರಬೇಕು. ಮೂರನೆಯದು ನಿಮ್ಮ ಅಂಗಳದಲ್ಲೇ ಸಾಬೀತಾಗಿದೆ. ಮೊದಲೆರಡಕ್ಕೆ ಹುಡುಕಾಟ ಬೇಕು. ಅಡಿಕೆ ಸುಲಿಯುವ ಯಂತ್ರ ಮಲೆನಾಡಿಗೆ ಹೊಸತೇನಲ್ಲ, ಸ್ಪ್ರಿಂಗ್ ಅಂತೂ ಜಗತ್ತಿಗೇ ಹಳೆಯದು. ಪೇಟೆಂಟ್ ಕಚೇರಿಯ ಜಾಲತಾಣದಲ್ಲಿ ‘ಇನ್‌ಪಾಸ್’ ಎಂಬ ಉಚಿತ ಹುಡುಕಾಟ ಸೌಲಭ್ಯವಿದೆ. ಅಲ್ಲಿ ‘ಅರೆಕಾನಟ್’ ಎಂದು ಮಾತ್ರವಲ್ಲ, ‘ಬೀಟಲ್‌ನಟ್’, ‘ಡಿಹಸ್ಕಿಂಗ್’, ‘ಪೀಲಿಂಗ್’ ಎಂದೆಲ್ಲ ಇಂಗ್ಲಿಷಿನಲ್ಲಿ ಕೊಟ್ಟು ನೋಡಿ. ಒಬ್ಬೊಬ್ಬರು ಒಂದೊಂದು ಹೆಸರಿನಲ್ಲಿ ಬರೆದಿರುತ್ತಾರೆ. ಬೆಂಗಳೂರಿನಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯ ಪೇಟೆಂಟ್ ಮಾಹಿತಿ ಕೇಂದ್ರವೂ ಇದೆ, ವಿಚಾರಿಸಿ.

ಕೈಯಲ್ಲಿ ಯಂತ್ರವಿದೆ, ವಿವರ ಇನ್ನೂ ಪೂರ್ತಿಯಾಗಿಲ್ಲ ಎನ್ನುವವರಿಗೆ ತಾತ್ಕಾಲಿಕ ಅರ್ಜಿಯ ದಾರಿ ಇದೆ. ಅರ್ಜಿ ಸಲ್ಲಿಸಿದ ದಿನವೇ ನಿಮ್ಮ ಹೆಸರಿನಲ್ಲಿ ತಾರೀಖು ನಿಲ್ಲುತ್ತದೆ, 12 ತಿಂಗಳೊಳಗೆ ಪೂರ್ಣ ವಿವರಣೆ ಕೊಡಬೇಕು. ವ್ಯಕ್ತಿಗಳಿಗೆ ಆನ್‌ಲೈನ್ ಶುಲ್ಕ 1,600 ರೂಪಾಯಿ, ಆಮೇಲೆ ಪರೀಕ್ಷೆಯ ಕೋರಿಕೆಗೆ, ಅಂದರೆ ಅರ್ಜಿಯನ್ನು ಪರಿಶೀಲಿಸಿ ಎಂದು ಪೇಟೆಂಟ್ ಕಚೇರಿಯನ್ನು ಕೇಳಲು, 4,000. ಏಜೆಂಟರ ಶುಲ್ಕ ಬೇರೆ. ಕರ್ನಾಟಕ ಚೆನ್ನೈ ಪೇಟೆಂಟ್ ಕಚೇರಿಯ ವ್ಯಾಪ್ತಿಗೆ ಬರುತ್ತದೆ, ಆದರೆ ಅರ್ಜಿ ಹಾಕಲು ಚೆನ್ನೈಗೆ ಹೋಗಬೇಕಾಗಿಲ್ಲ.

ತಾತ್ಕಾಲಿಕ ಎಂದ ಮಾತ್ರಕ್ಕೆ ಅರ್ಧ ಪುಟ ಗೀಚಿ ಕಳಿಸಬೇಡಿ. ನಾನು ಅತಿ ಹೆಚ್ಚು ನೋಡುವ ತಪ್ಪು ಇದೇ. ‘ಕಾಯಿಯ ಗಾತ್ರಕ್ಕೆ ತಕ್ಕಂತೆ ಬ್ಲೇಡು ಹೊಂದಿಕೊಳ್ಳುತ್ತದೆ’ ಎಂದು ಬರೆದರೆ ನೀವು ಹೇಳಿದ್ದು ಫಲವನ್ನು. ಅದು ಹೇಗೆ ಆಗುತ್ತದೆ ಎಂಬುದನ್ನು ಹೇಳಿಲ್ಲ. ಬ್ಲೇಡು ಕೂತ ತೋಳು ಚೌಕಟ್ಟಿಗೆ ಎಲ್ಲಿ ಸೇರಿದೆ, ಯಾವ ಕೀಲಿನ ಮೇಲೆ ತಿರುಗುತ್ತದೆ, ಸ್ಪ್ರಿಂಗ್ ಅದನ್ನು ಯಾವ ಕಡೆಗೆ ಎಳೆಯುತ್ತದೆ, ದಪ್ಪ ಕಾಯಿ ಬಂದಾಗ ತೋಳು ಎಷ್ಟು ಮಿಲಿಮೀಟರ್ ಹಿಂದೆ ಸರಿಯುತ್ತದೆ, ಸ್ಪ್ರಿಂಗ್ ಬದಲು ರಬ್ಬರ್ ಅಥವಾ ತೂಕದ ಕಲ್ಲು ಇಟ್ಟರೂ ನಡೆಯುತ್ತದೆಯೇ, ಎಲ್ಲವನ್ನೂ ಚಿತ್ರ ಸಮೇತ ಬರೆಯಿರಿ. ಮೊದಲ ಅರ್ಜಿಯಲ್ಲಿ ಇಲ್ಲದ್ದನ್ನು ಆಮೇಲೆ ಸೇರಿಸಿದರೆ ಆ ಭಾಗಕ್ಕೆ ಹಳೆಯ ತಾರೀಖು ಸಿಗುವುದಿಲ್ಲ.

ಇನ್ನು, ವೆಲ್ಡಿಂಗ್ ಅಂಗಡಿಯವರು ನೀವು ಹೇಳಿದಂತೆ ಕಬ್ಬಿಣ ಕತ್ತರಿಸಿ ಕೂಡಿಸಿದರೋ ಅಥವಾ ಬ್ಲೇಡು ಸರಿಯಬೇಕೆಂಬ ಮಾತು ಅವರ ಬಾಯಿಂದಲೇ ಬಂತೋ? ಎರಡನೆಯದಾದರೆ ಅವರೂ ಆವಿಷ್ಕಾರಕರು, ಅರ್ಜಿಯಲ್ಲಿ ಅವರ ಹೆಸರು ಇರಲೇಬೇಕು.

ಮರುಪ್ರಶ್ನೆ (ಸಾಗರ):
ವಿಡಿಯೋ ಅಳಿಸಿದೆ ಮೇಡಂ. ಅದರಲ್ಲಿ ಮುಚ್ಚಳ ಹಾಕಿತ್ತು, ಕಾಯಿ ಹಾಕುವುದು ಮತ್ತು ಅಡಿಕೆ ಬೀಳುವುದು ಮಾತ್ರ ಕಾಣುತ್ತಿತ್ತು. ಸ್ಪ್ರಿಂಗ್ ಅಳವಡಿಸಲು ಹೇಳಿದ್ದು ನಾನೇ, ಆದರೆ ಅದನ್ನು ಅಡ್ಡಲಾಗಿ ಕೂರಿಸಿದರೆ ಮಾತ್ರ ನಡೆಯುತ್ತದೆ ಎಂದು ಕಂಡುಕೊಂಡವರು ಅವರು. ಇನ್ನೊಂದು ವಿಷಯ, ಕಳೆದ ಕೊಯ್ಲಿನಲ್ಲಿ ನೆರೆಯ ನಾಲ್ಕು ಮನೆಗಳಲ್ಲಿ ಸುಲಿದುಕೊಟ್ಟೆ. ಇಬ್ಬರು ಡೀಸೆಲ್ ಖರ್ಚೆಂದು ಹಣ ಕೊಟ್ಟರು. ಇದರಿಂದ ತೊಂದರೆಯೇ?

ಉತ್ತರ:
ಮುಚ್ಚಳ ಹಾಕಿದ್ದು ನಿಮ್ಮ ಪುಣ್ಯ. ಒಳಗಿನ ರಚನೆ ಕಾಣದಿದ್ದರೆ ಆ ವಿಡಿಯೋದಿಂದ ಅಪಾಯ ಕಡಿಮೆ.

ಅರ್ಜಿಗೆ ಮೊದಲೇ ರಚನೆ ಬಹಿರಂಗವಾದರೆ ಅದು ಹೊಸದಲ್ಲ ಎಂದಾಗುತ್ತದೆ. ಇದನ್ನು ಒತ್ತಿ ಹೇಳಲು ಕಾರಣವಿದೆ. ಕೆಲವು ವರ್ಷಗಳ ಹಿಂದೆ ಕಾಫಿ ಸೀಮೆಯ ರೈತರೊಬ್ಬರು ನನ್ನಲ್ಲಿಗೆ ಬಂದಿದ್ದರು. ಅವರ ಸಾಧನ ನಿಜಕ್ಕೂ ಚೆನ್ನಾಗಿತ್ತು. ಆದರೆ ಅರ್ಜಿಗೆ ಮೊದಲೇ ಒಂದು ಮೇಳದಲ್ಲಿ ಅದನ್ನು ಬಿಚ್ಚಿಟ್ಟು ಎಲ್ಲರಿಗೂ ವಿವರಿಸಿದ್ದರು, ಚಿತ್ರ ಪತ್ರಿಕೆಯಲ್ಲಿ ಬಂದಿತ್ತು. ಪರೀಕ್ಷಾ ವರದಿಯಲ್ಲಿ ಅದೇ ಚಿತ್ರ ಅವರ ವಿರುದ್ಧ ಪುರಾವೆಯಾಗಿ ನಿಂತಿತು. ಕಾಯ್ದೆಯಲ್ಲಿ 12 ತಿಂಗಳ ರಿಯಾಯಿತಿ ಇರುವುದು ನಿಜ. ಆದರೆ ಅದು ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿದ ಪ್ರದರ್ಶನಗಳಿಗೆ, ವಿದ್ವತ್ಸಭೆಯಲ್ಲಿ ಓದಿದ ಪ್ರಬಂಧಗಳಿಗೆ, ಇಂಥ ಕೆಲವಕ್ಕೆ ಮಾತ್ರ. ಊರ ಮೇಳಕ್ಕೆಲ್ಲ ಅದು ಅನ್ವಯಿಸದು. ಆ ರೈತರು ಕಚೇರಿಯ ಮೆಟ್ಟಿಲಿಳಿದು ಹೋದದ್ದು ಇವತ್ತಿಗೂ ಕಣ್ಣ ಮುಂದಿದೆ.

ನೆರೆಮನೆಯ ವಿಷಯಕ್ಕೆ ಕಲಂ 32 ಇದೆ. ಅರ್ಜಿಗೆ ಹಿಂದಿನ ಒಂದು ವರ್ಷದೊಳಗೆ, ಯಂತ್ರವನ್ನು ಕೇವಲ ಪರೀಕ್ಷೆಗಾಗಿ, ಬಹಿರಂಗವಾಗಿ ನಡೆಸುವುದು ಅಗತ್ಯವಿದ್ದು ನಡೆಸಿದ್ದರೆ ಅದರಿಂದಲೇ ಹೊಸತನ ಹೋಗುವುದಿಲ್ಲ. ಅಡಿಕೆಯಂತ್ರವನ್ನು ಬೇರೆ ಬೇರೆ ತೋಟದ ಕಾಯಿಗಳಿಗೆ ಹಾಕಿ ನೋಡದೆ ಪರೀಕ್ಷಿಸಲಾಗದು ಎಂಬುದು ಒಪ್ಪುವ ಮಾತು. ಡೀಸೆಲ್ ಖರ್ಚು ಬೇರೆ, ಬಾಡಿಗೆ ಬೇರೆ. ಆ ಹಣ ಏನೆಂಬುದನ್ನು ಈಗಲೇ ತಾರೀಖಿನೊಂದಿಗೆ ಬರೆದಿಡಿ. ಒಂದು ವರ್ಷ ತುಂಬುವ ಮೊದಲು ಅರ್ಜಿ ಸಲ್ಲಲಿ. ಅಲ್ಲಿಯವರೆಗೆ ಯಾರಲ್ಲೂ ಬಾಡಿಗೆ ಪಡೆಯಬೇಡಿ.

ಅಡ್ಡ ಕೂರಿಸುವುದೇ ಯಂತ್ರದ ಗುಟ್ಟಾದರೆ ವೆಲ್ಡಿಂಗ್ ಅಂಗಡಿಯವರು ಜೊತೆ ಆವಿಷ್ಕಾರಕರೇ. ಹೆಸರು ಹಾಕಿ, ಹಕ್ಕು ಮತ್ತು ಲಾಭದ ಪಾಲನ್ನು ಒಪ್ಪಂದದಲ್ಲಿ ಬರೆಯಿರಿ.

ಇನ್ನೊಬ್ಬ ಸದಸ್ಯರು (ಹುಬ್ಬಳ್ಳಿ):
ಇಷ್ಟೆಲ್ಲ ಏಕೆ? ಯೋಚನೆಯನ್ನು ಬರೆದು ನಮ್ಮ ವಿಳಾಸಕ್ಕೇ ರಿಜಿಸ್ಟರ್ಡ್ ಅಂಚೆ ಕಳಿಸಿ, ಲಕೋಟೆ ಒಡೆಯದೆ ಇಟ್ಟರೆ ಸಾಕಲ್ಲವೇ?

ಉತ್ತರ:
ಸಾಲದು. ಭಾರತದಲ್ಲಿ ಮೊದಲು ಅರ್ಜಿ ಹಾಕಿದವರ ತಾರೀಖಿಗೆ ಬೆಲೆ. ಬೀರುವಿನಲ್ಲಿರುವ ಲಕೋಟೆಯಿಂದ ಯಾರನ್ನೂ ತಡೆಯುವ ಹಕ್ಕು ಹುಟ್ಟುವುದಿಲ್ಲ. ಅದನ್ನು ನಂಬಿ ಎರಡು ವರ್ಷ ಕೂತವರನ್ನು ನಾನು ಬಲ್ಲೆ.

ಮರುಪ್ರಶ್ನೆ (ಸಾಗರ):
ಅರ್ಜಿ ಹಾಕಿದ ಮರುದಿನ ಯಂತ್ರದ ಮೇಲೆ ‘ಪೇಟೆಂಟ್ ಪಡೆದಿದೆ’ ಎಂದು ಬರೆಸಬಹುದೇ?

ಉತ್ತರ:
ಬೇಡ. ಪೇಟೆಂಟ್ ಸಿಗುವ ಮೊದಲು ಹಾಗೆ ಬರೆಸಿದರೆ ದಂಡ ತೆರಬೇಕಾದೀತು. ‘ಪೇಟೆಂಟ್‌ಗೆ ಅರ್ಜಿ ಸಲ್ಲಿಸಿದೆ’ ಎಂದು ಬರೆಸಿ. ಸಾಮಾನ್ಯವಾಗಿ 18 ತಿಂಗಳಿಗೆ ಅರ್ಜಿ ಪ್ರಕಟವಾಗುತ್ತದೆ. ಪರೀಕ್ಷೆಯ ಕೋರಿಕೆಯನ್ನು ಮೊದಲ ಅರ್ಜಿಯ ತಾರೀಖಿನಿಂದ 31 ತಿಂಗಳೊಳಗೆ ಸಲ್ಲಿಸದಿದ್ದರೆ ಅರ್ಜಿ ಹಿಂಪಡೆದಂತೆ, ಅದನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿ. ಯಾರಾದರೂ ನಕಲು ಮಾಡಿದರೆ ಮೊಕದ್ದಮೆ ಹೂಡುವುದು ಪೇಟೆಂಟ್ ಕೈಗೆ ಬಂದ ಮೇಲೆಯೇ, ಆದರೆ ನಷ್ಟದ ಲೆಕ್ಕವನ್ನು ಪ್ರಕಟವಾದ ದಿನದಿಂದ ಹಿಡಿಯಬಹುದು. ಪೇಟೆಂಟಿನ ಅವಧಿ ಅರ್ಜಿ ಹಾಕಿದ ದಿನದಿಂದ 20 ವರ್ಷ, ಮೂರನೆಯ ವರ್ಷದಿಂದ ನವೀಕರಣ ಶುಲ್ಕ ಕಟ್ಟುತ್ತಾ ಹೋಗಬೇಕು.

ಫೋನ್ ಮಾಡಿದ ಆ ಮೂವರಿಗೆ ಸದ್ಯ ಮುಚ್ಚಳ ತೆಗೆದು ತೋರಿಸಬೇಡಿ. ತೋರಿಸಲೇಬೇಕಾದರೆ ಗುಟ್ಟು ಕಾಯುವ ಕರಾರಿಗೆ ಸಹಿ ಹಾಕಿಸಿಕೊಂಡು ತೋರಿಸಿ.